ಗುಲಾಬಿ ನೀರು, ಹಳದಿ ನೀರು

ಮೂವತ್ತು ವರ್ಷ ಬೆಂಗಳೂರಿನ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿದವಳು ನಾನು. ಬಾಟಲಿ ಬರುತ್ತಿತ್ತು, ವರದಿ ಹೋಗುತ್ತಿತ್ತು. ಆ ನೀರು ಕುಡಿಯುವವರ ಮುಖ ನೋಡಿರಲಿಲ್ಲ. ನಿವೃತ್ತಿಯಾದ ಮೇಲೆ ತಿಂಗಳಿಗೆರಡು ಸಲ ಪಾವಗಡದ ಕಡೆಯ ಒಂದು ಸರ್ಕಾರಿ ಶಾಲೆಗೆ ಹೋಗತೊಡಗಿದೆ.

ಮೊದಲ ದಿನ ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಖನಿಜಾಂಶದ ಬಗ್ಗೆ ಮುಕ್ಕಾಲು ಗಂಟೆ ಪಾಠ ಮಾಡಿದೆ. ಮಕ್ಕಳು ಸುಮ್ನೆ ಕೂತಿದ್ದರು. ಏಳನೇ ಕ್ಲಾಸಿನ ಒಬ್ಬಳು ಮಾತಾಡುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಹಲ್ಲಿನ ಮೇಲೆ ಕಂದು ಗೆರೆಗಳು. ಸರಿಯಾಗಿ ಉಜ್ಜಲ್ಲ ಅಂತ ಮನೆಯಲ್ಲಿ ಬೈಯುತ್ತಿದ್ದರಂತೆ. ಅವಳ ತಪ್ಪೇನಿದೆ? ಅಲ್ಲಿಯದು ಕಲ್ಲಿನ ನೆಲ. ಆಳದ ಬೋರಿನ ನೀರು ವರ್ಷಗಟ್ಟಲೆ ಬಂಡೆಯ ಸಂದಿಯಲ್ಲೇ ನಿಂತಿರುತ್ತದೆ, ಕಲ್ಲಿನ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಚಿಕ್ಕಂದಿನಿಂದ ಅದು ಜಾಸ್ತಿಯಿರುವ ನೀರು ಕುಡಿದರೆ ಹಲ್ಲಿಗೆ ಇಂಥ ಕಲೆ ಬರುತ್ತದೆ.

ಮುಂದಿನ ಸಲ ಪಾಠ ಬಿಟ್ಟೆ. "ಮನೇಲಿ ಕುಡಿಯೋ ನೀರು ತನ್ನಿ" ಅಂದೆ. ಪ್ಲಾಸ್ಟಿಕ್ ಬಾಟಲಿ, ಅದೇ ನೀರಲ್ಲಿ ಮೂರು ಸಲ ಕುಲುಕಿ ತೊಳೆದದ್ದು, ಮೇಲೆ ಹೆಸರಿನ ಚೀಟಿ. ಫ್ಲೋರೈಡ್ ಪರೀಕ್ಷಿಸುವ ಕಿಟ್ಟಿನ ದ್ರಾವಣ ಹಾಕಿದಾಗ ನೀರು ಗುಲಾಬಿಯಾದರೆ ಫ್ಲೋರೈಡ್ ಕಡಿಮೆ, ಹಳದಿಗೆ ತಿರುಗಿದಷ್ಟೂ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು. ಹನಿ ಹಾಕಿದ್ದು, ಬಣ್ಣ ಹೋಲಿಸಿದ್ದು ಮಕ್ಕಳೇ. ನಾನು ಕೈ ಹಾಕಲಿಲ್ಲ. ನಾನು ಹೇಳಿದ್ದನ್ನು ಮರೆಯಬಹುದು, ತಾವೇ ಕಂಡ ಬಣ್ಣವನ್ನು ಮನೆಗೆ ಹೋಗಿ ವಾದ ಮಾಡಿಯಾದರೂ ಒಪ್ಪಿಸುತ್ತಾರೆ.

ಒಬ್ಬ ಹುಡುಗ ತಂದ ಫಿಲ್ಟರ್ ನೀರೂ ಹಳದಿ! ವಿಚಾರಿಸಿದರೆ, ಅವತ್ತು ನೀರು ಶುದ್ಧ ಮಾಡುವ ಘಟಕ ಕೆಟ್ಟಿತ್ತು, ಮನೆಯವರು ಅದೇ ಕ್ಯಾನಿಗೆ ಬೋರಿನ ನೀರು ತುಂಬಿದ್ದರು.

ಒಬ್ಬರು ಅಜ್ಜಿ ಶಾಲೆಗೇ ಬಂದರು. "ನಾವು ಕಾಯಿಸಿ ಕುಡೀತೀವಲ್ಲಮ್ಮ?"

"ಸಾರು ಕುದ್ದಷ್ಟೂ ಉಪ್ಪು ಜಾಸ್ತಿ ಆಗುತ್ತಲ್ವಾ ಅಜ್ಜಿ? ಇದೂ ಹಂಗೇ. ಆವಿಯಾಗೋದು ನೀರು, ಫ್ಲೋರೈಡ್ ಪಾತ್ರೇಲೇ ಉಳಿಯುತ್ತೆ."

ಅಜ್ಜಿಗೆ ತಕ್ಷಣ ಅರ್ಥವಾಯಿತು. ನನ್ನ ಯಾವ ವರದಿಯೂ ಇಷ್ಟು ಬೇಗ ಯಾರಿಗೂ ತಲುಪಿರಲಿಲ್ಲ.

ಹಲ್ಲಿನ ಕಲೆ ತೊಳೆದರೆ ಹೋಗಲ್ಲ ಅಂತ ಆ ಹುಡುಗಿಗೆ ನಿಜವನ್ನೇ ಹೇಳಿದೆ. ಹಲ್ಲು ಮೂಡುವ ಮೊದಲೇ, ಒಸಡಿನೊಳಗೆ ಬೆಳೆಯುವಾಗಲೇ ಆಗುವ ತೊಂದರೆ ಅದು. ಹೇಳುವಾಗ ನನ್ನ ಗಂಟಲು ಕಟ್ಟಿತು. ಅವಳು ಸ್ವಲ್ಪ ಹೊತ್ತು ಬಿಟ್ಟು, "ಮಿಸ್, ನಮ್ಮ ತಮ್ಮಂಗೆ ಎರಡು ವರ್ಷ" ಅಂದಳು.

ಜೂನಿನಲ್ಲಿ ಅವಳೇ ಮಳೆ ನೀರು ಹಿಡಿದು ತಂದಳು. ಗುಲಾಬಿ ಬಂತು. ಬಾಟಲಿ ಎತ್ತಿ ಎಲ್ಲರಿಗೂ ತೋರಿಸಿದಳು, ಎರಡೂ ಕೈಯಲ್ಲಿ. ಈಗ ಟೇಪು ಹಿಡಿದು ಶಾಲೆಯ ಚಾವಣಿ ಅಳೆಯುತ್ತಿದ್ದೇವೆ. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು.