‘ಹೋಗ್ತೀನಿ’ ಅಂದ್ರ ದಿನಾನೋ, ನಾಳೆನೋ? ‘ವಿಲ್’ ಬಳಸುವ ಬಗೆ

‘ನಾ ದಿನಾ ಬಾದಾಮಿಗೆ ಹೋಗ್ತೀನಿ’, ‘ನಾ ನಾಳೆ ಬಾದಾಮಿಗೆ ಹೋಗ್ತೀನಿ’. ಬಾಗಲಕೋಟೆ, ವಿಜಯಪುರದ ಆಡುಮಾತಿನಲ್ಲಿ ಎರಡಕ್ಕೂ ಕ್ರಿಯಾಪದ ಒಂದೇ. ಕಾಲ ಹೇಳುವುದು ‘ದಿನಾ’, ‘ನಾಳೆ’ ಎಂಬ ಮಾತು. ಇದೇ ರೂಢಿಯಿಂದ ಇಂಗ್ಲಿಷಿನಲ್ಲಿ ‘ಟುಮಾರೋ ಐ ಗೋ’ ಎಂಬ ತಪ್ಪು ಹುಟ್ಟುತ್ತದೆ. ಬಾಯಿ ತೆರೆಯುವ ಮೊದಲು ‘ದಿನಾನೋ, ನಾಳೆನೋ?’ ಎಂದು ಕೇಳಿಕೊಳ್ಳಿ. ದಿನಾ ಆದರೆ ‘ಐ ಗೋ’, ನಾಳೆ ಆದರೆ ‘ಐ ವಿಲ್ ಗೋ’.

ಕರ್ತೃ, ‘ವಿಲ್’, ಮೂಲ ಕ್ರಿಯಾಪದ: ಇಷ್ಟೇ ಕಟ್ಟು. ಐ, ಶಿ, ದೇ ಯಾರೇ ಬಂದರೂ ‘ವಿಲ್’ ಬದಲಾಗದು. (ಹಳೆಯ ವ್ಯಾಕರಣದ ‘ಐ ಶಾಲ್’ಗೆ ತಲೆ ಕೆಡಿಸಿಕೊಳ್ಳಬೇಡಿ.) ‘ಹಿ ವಿಲ್ ಗೋಸ್’, ‘ವಿಲ್ ಟು ಗೋ’, ‘ವಿಲ್ ಗೋಯಿಂಗ್’ ಮೂರೂ ತಪ್ಪು. ‘ನಾಳೆ ಬ್ಯಾಂಕ್ ಬಂದ್’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದವೇ ಬೇಡ, ಇಂಗ್ಲಿಷಿಗೆ ‘ಬಿ’ ಬೇಕು: ‘ದ ಬ್ಯಾಂಕ್ ವಿಲ್ ಬಿ ಕ್ಲೋಸ್ಡ್ ಟುಮಾರೋ’.

ಹೆಚ್ಚು ಎಡವುವುದು ‘ಇಲ್ಲ’ ಎನ್ನುವಾಗ. ‘ಅಂವಾ ಬರೂದಿಲ್ಲ’ ಎಂದರೆ ಬರುವ ರೂಢಿಯೇ ಇಲ್ಲ ಎಂದೂ ಆದೀತು, ಈ ಸಲ ಬರುವುದಿಲ್ಲ ಎಂದೂ ಆದೀತು. ಮೊದಲನೆಯದು ‘ಹಿ ಡಸಂಟ್ ಕಮ್’, ಎರಡನೆಯದು ‘ಹಿ ವೋಂಟ್ ಕಮ್’ (‘ವಿಲ್ ನಾಟ್’ ಕೂಡಿ ‘ವೋಂಟ್’). ‘ವೋಂಟ್’ಗೆ ‘ಡೋಂಟ್’ನ ಪ್ರಾಸ ಇರಲಿ, ‘ವಾಂಟ್’ ಎಂದರೆ ‘ಒಲ್ಲೆ’ ಹೋಗಿ ‘ಬೇಕು’ ಕೇಳಿಸುತ್ತದೆ.

‘ಬರ್ತೀರೇನ್ರಿ?’ ಎಂಬಲ್ಲಿ ಪ್ರಶ್ನೆ ಕೊನೆಗೆ ಅಂಟುತ್ತದೆ. ಇಂಗ್ಲಿಷಿನಲ್ಲಿ ‘ವಿಲ್’ ಮುಂದೆ ಬರುತ್ತದೆ: ‘ವಿಲ್ ಯು ಕಮ್?’

‘ವೆನ್’, ‘ಇಫ್’ ಇರುವ ತುಂಡಿಗೆ ‘ವಿಲ್’ ಸೇರಿಸಬೇಡಿ. ಇಲ್ಲಿ ಕನ್ನಡವೇ ದಾರಿ ತೋರಿಸುತ್ತದೆ. ‘ಊರು ಮುಟ್ಟಿದ ಮ್ಯಾಲೆ ಫೋನ್ ಮಾಡ್ತೀನಿ’ ಎನ್ನುವಾಗ ‘ಮುಟ್ಟಿದ’ ಎಂಬುದು ಭವಿಷ್ಯತ್ತಲ್ಲವಲ್ಲ? ಹಾಗೆಯೇ ‘ವೆನ್ ಐ ರೀಚ್ ಹೋಮ್, ಐ ವಿಲ್ ಕಾಲ್ ಯು’. ‘ಮಳಿ ಬಂದ್ರ ಬರೂದಿಲ್ಲ’ ಎಂಬುದು ‘ಇಫ್ ಇಟ್ ರೇನ್ಸ್, ಐ ವೋಂಟ್ ಕಮ್’.

ಎಲ್ಲ ನಾಳೆಗೂ ‘ವಿಲ್’ ಒಗ್ಗದು. ಮನೆಗೆ ಬಂದವರಿಗೆ ‘ಕೂಡ್ರಿ, ಚಹಾ ಮಾಡ್ತೀನಿ’ ಎಂದಾಗ ಆ ಗಳಿಗೆಯ ನಿರ್ಧಾರ: ‘ಐಲ್ ಮೇಕ್ ಸಮ್ ಟೀ’ (‘ಐ ವಿಲ್’ ಕೂಡಿ ‘ಐಲ್’). ಆದರೆ ಸೊಲ್ಲಾಪುರಕ್ಕೆ ಟಿಕೆಟ್ ಆಗಲೇ ತೆಗೆಸಿದ್ದರೆ ಅದು ಮೊದಲೇ ಆದ ನಿರ್ಧಾರ, ಅಲ್ಲಿ ‘ಐ ಆಮ್ ಗೋಯಿಂಗ್ ಟು ಸೊಲ್ಲಾಪುರ್ ಟುಮಾರೋ’ ಸಹಜ.

ರೂಢಿಗೆ ರಾತ್ರಿ 5 ಸಾಲು ಬರೆಯಿರಿ: ನಾಳೆ ಮಾಡುವ 2, ಮಾಡದ 2, ‘ಇಫ್’ ಇರುವ 1. ಗಟ್ಟಿಯಾಗಿ ಓದುವಾಗ ‘ಐ ವಿಲ್’ ಅನ್ನು ‘ಐಲ್’ ಮಾಡಿ.