ದೀರ್ಘಕಾಲದ ಕಾಯಿಲೆ: ತಿರಸ್ಕೃತವಾದ ಅಂಗವಿಕಲ ಭತ್ಯೆ ಅರ್ಜಿ ಮಂಜೂರಾದದ್ದು ಹೀಗೆ

ತೊಂದರೆ: ಸಂಧಿವಾತ ಇರುವುದು ದಾಖಲೆಯಲ್ಲಿ ಸ್ಪಷ್ಟ. ಆದರೂ "ದಿನನಿತ್ಯದ ಕೆಲಸಕ್ಕೆ ಅಡ್ಡಿ ಸಾಬೀತಾಗಿಲ್ಲ" ಎಂದು ಅರ್ಜಿ ವಾಪಸ್.

ಪ್ರಯೋಜನವಾಗದ್ದು: ರಕ್ತಪರೀಕ್ಷೆ, ಎಕ್ಸ್‌ರೇಗಳ ಇನ್ನಷ್ಟು ಪ್ರತಿಗಳು, "ಚಿಕಿತ್ಸೆಯಲ್ಲಿದ್ದಾರೆ" ಎಂಬ ಒಂದು ಸಾಲಿನ ವೈದ್ಯರ ಪತ್ರ, ಅವೇ ಉತ್ತರಗಳ ಹೊಸ ಅರ್ಜಿ. ವರದಿಗಳು ಕಾಯಿಲೆ ಇದೆ ಎನ್ನುತ್ತವೆ, ಅದರಿಂದ ಏನು ಮಾಡಲಾಗುತ್ತಿಲ್ಲ ಎನ್ನುವುದಿಲ್ಲ. ಪರಿಶೀಲಿಸುವವರು ನೋಡುವುದು ಈ ಎರಡನೆಯದನ್ನೇ.

ಫಲ ಕೊಟ್ಟದ್ದು ದಿನಚರಿ. ಮೇಲ್ಮನವಿಯ ಗಡುವು ನೋಡಿಕೊಂಡು, ಕೆಲವು ವಾರ ಪ್ರತಿದಿನ ಹೀಗೆ ಬರೆಯಿರಿ: "ಬೆಳಗಿನ ಬಿಗಿತ 90 ನಿಮಿಷ. ಅಂಗಿಯ ಗುಂಡಿ ಬೇರೆಯವರು ಹಾಕಿದರು. 10 ನಿಮಿಷ ನಿಂತ ಮೇಲೆ ಕೂರಬೇಕಾಯಿತು." ಪರವಾಗಿಲ್ಲ ಎನಿಸಿದ ದಿನಗಳನ್ನೂ ಬಿಡಬೇಡಿ, ಬರೀ ಕೆಟ್ಟ ದಿನಗಳಿದ್ದರೆ ಯಾರೂ ನಂಬುವುದಿಲ್ಲ.

ವೈದ್ಯರು ಪತ್ರ ಬರೆಯುವ ಮುಂಚೆಯೇ ಅವರಿಗೆ ಈ ದಿನಚರಿ ತೋರಿಸಿ. ಕೈಹಿಡಿತ, ಎಷ್ಟು ಹೊತ್ತು ಕೂರಬಲ್ಲಿರಿ, ಔಷಧಿಯ ಅಡ್ಡಪರಿಣಾಮ, ನೋವು ಎಷ್ಟು ಸಲ ಉಲ್ಬಣಿಸುತ್ತದೆ ಎಂಬುದನ್ನು ಅವರು ತಾವೇ ಪರೀಕ್ಷಿಸಿ ನಮೂದಿಸಬೇಕು.

ಫಾರಂ ತುಂಬುವುದು ಕೊನೆಗೆ. "ನಡೆಯಬಲ್ಲಿರಾ?" ಎಂದಿದ್ದರೆ ಬರೀ "ಹೌದು" ಸಾಲದು. ಎಷ್ಟು ದೂರ, ಯಾರ ನೆರವಿನಿಂದ, ಅದೇ ದಿನ ಮತ್ತೆ ಸಾಧ್ಯವೇ, ಮರುದಿನ ಏನಾಗುತ್ತದೆ ಎಂದು ಬರೆಯಿರಿ. ಫಾರಂ, ಪತ್ರ, ದಿನಚರಿ ಮೂರರಲ್ಲೂ ಅಂಕಿಗಳು ಹೊಂದಬೇಕು. ಎಲ್ಲದರ ಪ್ರತಿ ಇಟ್ಟುಕೊಂಡು, ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆಯಿರಿ.