ಆ ಸದ್ದು ನಾಲ್ಕೂ ಜನಕ್ಕೆ ಕೇಳಿಸಿತ್ತು

ಜಾಗ ಸಮತಟ್ಟಾಗಿತ್ತು. ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಸ್ಕಿನ್ ಎಂಬ ಪಟ್ಟಿ ಅಂಟಿಸಿಕೊಂಡು ಒಬ್ಬರ ಹಿಂದೊಬ್ಬರು ನಡೆಯುತ್ತಿದ್ದೆವು. ಕಾಲಡಿಯ ಆಳದಲ್ಲೆಲ್ಲೋ 'ಧುಪ್' ಎಂದಿತು. ನಾವು ನಿಂತಿದ್ದ ಹಿಮ ಒಂದು ಬೆರಳಿನಷ್ಟು ಕೆಳಗೆ ಕೂತಿತು, ಪಕ್ಕದ ಪೊದೆಯ ಮೇಲಿದ್ದ ಹಿಮ ಉದುರಿತು. ಮುಂದಿದ್ದವನು ನಿಂತು ನಮ್ಮತ್ತ ತಿರುಗಿ ನೋಡಿದ, ಆಮೇಲೆ ಮತ್ತೆ ನಡೆದ. ನಾವೂ ನಡೆದೆವು. ಯಾರೂ ಬಾಯಿ ಬಿಡಲಿಲ್ಲ.

ಒಂದು ತಾಸಿನ ನಂತರ ನಮ್ಮಲ್ಲಿ ಒಬ್ಬ ಹಿಮದಡಿ ಹೂತುಹೋಗಿದ್ದ.

ಆ ಸದ್ದಿನ ಅರ್ಥ ನಮಗೆಲ್ಲ ಗೊತ್ತಿತ್ತು. ಚಳಿಗಾಲದ ಆರಂಭದಲ್ಲಿ ತೆಳ್ಳಗೆ ಬಿದ್ದ ಹಿಮ ವಾರಗಟ್ಟಲೆ ಹಾಗೇ ಉಳಿದಿತ್ತು. ನೆಲಕ್ಕೆ ಅಂಟಿದ ಹಿಮ ಹೆಚ್ಚುಕಮ್ಮಿ ಸೊನ್ನೆ ಡಿಗ್ರಿಯಲ್ಲಿರುತ್ತದೆ, ಮೇಲ್ಮೈ ಮಾತ್ರ ಮೋಡವಿಲ್ಲದ ರಾತ್ರಿಗಳಲ್ಲಿ ಅದಕ್ಕಿಂತ ಎಷ್ಟೋ ತಣ್ಣಗಾಗುತ್ತದೆ. ಪ್ರತಿ 10 ಸೆಂಟಿಮೀಟರಿಗೆ ಸುಮಾರು 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಾಯಿತೆಂದರೆ ಒಳಗಿನ ನೀರಾವಿ ಮೇಲಕ್ಕೆ ಹರಿಯತೊಡಗುತ್ತದೆ. ಆಗ ಕಣಗಳ ನಡುವಿನ ಬೆಸುಗೆ ಕಳಚಿ ಅವು ಕೋನ ಕೋನದ ಹರಳುಗಳಾಗುತ್ತವೆ. ಸ್ಕೀ ಮಾಡುವವರು ಅದಕ್ಕೆ ಸಕ್ಕರೆ ಹಿಮ ಅನ್ನುತ್ತಾರೆ, ಯಾಕೆಂದರೆ ಮುಷ್ಟಿಯಲ್ಲಿ ಎಷ್ಟು ಒತ್ತಿದರೂ ಉಂಡೆಯಾಗುವುದಿಲ್ಲ. ಅದರ ಮೇಲೆ ಬಿರುಗಾಳಿ ಹೊಸ ಹಿಮವನ್ನು ಚಪ್ಪಡಿಯಂತೆ ಬಿಗಿಯಾಗಿ ಹಾಸಿತ್ತು. ಸಮತಟ್ಟಿನಲ್ಲಿ ಕೆಳಪದರ ಕುಸಿದಾಗ ಕೇಳುವುದು 'ಧುಪ್' ಅಷ್ಟೆ. 30 ಡಿಗ್ರಿ ದಾಟಿದ ಇಳಿಜಾರಿನಲ್ಲಿ ಅದೇ ಪದರ ಕುಸಿದರೆ ಮೇಲಿನ ಚಪ್ಪಡಿ ಇಡಿಯಾಗಿ ಜಾರುತ್ತದೆ.

ಅಂದಿನ ಹಿಮಕುಸಿತದ ಅಪಾಯದ ಮುನ್ಸೂಚನೆ ಐದರಲ್ಲಿ 3ನೇ ಹಂತ ಇತ್ತು. ಮೂರು ಅಂದರೆ ನಡುವಿನ ಅಂಕಿ, ಆದ್ದರಿಂದ ಪರವಾಗಿಲ್ಲ ಎಂದು ನಾನು ವರ್ಷಗಟ್ಟಲೆ ಓದಿಕೊಂಡಿದ್ದೆ. ಅದು ತಪ್ಪು. ಒಬ್ಬನೇ ಒಬ್ಬ ಸ್ಕೀ ಮಾಡುವವನ ಭಾರ ಸಾಕು ಇಳಿಜಾರು ಒಡೆಯಲಿಕ್ಕೆ ಎಂದು ಹೇಳುವ ಹಂತ ಅದು. ನಾಲ್ಕು, ಐದು ಅಂದರೆ ಜನ ಹೊರಗೇ ಹೋಗುವುದಿಲ್ಲ. ಮೂರರ ದಿನ ಹೋಗುತ್ತಾರೆ, ಸಾಯುವವರಲ್ಲಿ ಬಹಳಷ್ಟು ಮಂದಿ ಸಾಯುವುದೂ ಅಂಥ ದಿನಗಳಲ್ಲೇ.

ನಮ್ಮ ಇಳಿಜಾರು ಗಾಳಿಯ ಮರೆಯಲ್ಲಿತ್ತು, ಮೇಲ್ಭಾಗ ಉಬ್ಬಿಕೊಂಡಿತ್ತು. ಆಮೇಲೆ ಅಳೆದಾಗ 37 ಡಿಗ್ರಿ ಬಂತು. ಚಪ್ಪಡಿ ಹಿಮಕುಸಿತಗಳು ಅತಿ ಹೆಚ್ಚಾಗಿ ಆಗುವುದು 38ರ ಆಸುಪಾಸಿನಲ್ಲಿ. ಅದೇ ಚಳಿಗಾಲದಲ್ಲಿ ನಾವು ಅಲ್ಲಿ ನಾಲ್ಕು ಸಲ ಇಳಿದಿದ್ದೆವು, ಅವತ್ತೂ ಮೊದಲಿಬ್ಬರು ಸಲೀಸಾಗಿ ಇಳಿದು ಕೆಳಗೆ ಪಕ್ಕದಲ್ಲಿ ನಿಂತರು. ಮೂರನೆಯವನು ಅವರ ಗುರುತಿಗಿಂತ ತುಸು ಬಲಕ್ಕೆ ಹೋದ. ಅಲ್ಲಿ ಬಂಡೆಯ ಮೇಲೆ ಚಪ್ಪಡಿ ತೆಳುವಾಗಿತ್ತು. ತೆಳುವಾದ ಕಡೆ ಭಾರ ನೇರವಾಗಿ ದುರ್ಬಲ ಪದರಕ್ಕೆ ತಲುಪುತ್ತದೆ. ಅವನ ಮೇಲ್ಗಡೆ ಗಾಜಿನಲ್ಲಿ ಬಿರುಕು ಓಡಿದ ಹಾಗೆ ಒಂದು ಗೆರೆ ಅಡ್ಡಕ್ಕೆ ಓಡಿತು. ನಾನು ಮೇಲೆ ನಿಂತು ಅವನನ್ನೇ ನೋಡುತ್ತಿದ್ದೆ. ನೀಲಿ ಜಾಕೆಟ್ ಒಮ್ಮೆ ಕಂಡಿತು, ಇನ್ನೊಮ್ಮೆ ಕಂಡಿತು, ಆಮೇಲೆ ಕಾಣಲಿಲ್ಲ. ಕೊನೆಗೆ ಕಂಡ ಜಾಗದಿಂದ ಕಣ್ಣು ಕೀಳಲಿಲ್ಲ, ಅದೊಂದನ್ನು ಸರಿಯಾಗಿ ಮಾಡಿದೆ.

ಮೇಲೆ ಇನ್ನೇನೂ ಜಾರುವಂತಿಲ್ಲ ಎಂದು ನೋಡಿಕೊಂಡು, ಹಿಮ ಜಾರಿಹೋದ ಜಾಗದಲ್ಲೇ ಇಳಿದೆ. ಟ್ರಾನ್ಸೀವರ್ ಅಂದರೆ ಹೂತವರನ್ನು ಪತ್ತೆಹಚ್ಚಲು ಎಲ್ಲರೂ ಮೈಗೆ ಕಟ್ಟಿಕೊಳ್ಳುವ, ಸಿಗ್ನಲ್ ಕಳಿಸುವ ಮತ್ತು ಹುಡುಕುವ ಯಂತ್ರ. ನನ್ನದನ್ನು ಹುಡುಕುವ ಮೋಡ್‌ಗೆ ಹಾಕಿದಾಗ ಎರಡು ಸಿಗ್ನಲ್ ಬಂದವು. ಕೆಳಗಿದ್ದವರಲ್ಲಿ ಒಬ್ಬ ಗಾಬರಿಯಲ್ಲಿ ತನ್ನದನ್ನು ಬದಲಾಯಿಸದೇ ಓಡಿ ಬರುತ್ತಿದ್ದ. ಎಲ್ಲ ಟ್ರಾನ್ಸೀವರುಗಳೂ 457 ಕಿಲೋಹರ್ಟ್ಸ್‌ನಲ್ಲೇ ಮಾತಾಡುತ್ತವೆ, ಹೂತವನದು ಯಾವುದು, ಓಡುತ್ತಿರುವವನದು ಯಾವುದು ಎಂದು ಯಂತ್ರಕ್ಕೇನು ಗೊತ್ತು. ನಾನು ಕಿರುಚಿದ ಮೇಲೆ ಅವನು ಬದಲಾಯಿಸಿದ. ಸುಮಾರು ಒಂದು ನಿಮಿಷ ಹೋಯಿತು.

ಹತ್ತು ಮೀಟರಿನೊಳಗೆ ಬಂದಾಗ ನಡಿಗೆ ನಿಧಾನ ಮಾಡಿದೆ. ಮೂರು ಮೀಟರಿನಲ್ಲಿ ಬಗ್ಗಿ, ಯಂತ್ರವನ್ನು ಹಿಮಕ್ಕೆ ತಾಗಿಸಿಕೊಂಡೇ ಮುಂದೆ-ಹಿಂದೆ, ಎಡಕ್ಕೆ-ಬಲಕ್ಕೆ ಸರಿಸಿದೆ. ಅದು ತೋರಿಸುವ ದೂರ 1.3 ಮೀಟರಿಗಿಂತ ಕಡಿಮೆ ಬರಲಿಲ್ಲ. ಆ ಬಿಂದುವಿನಿಂದ ಶುರುಮಾಡಿ 25 ಸೆಂಟಿಮೀಟರಿಗೊಂದರಂತೆ ಸುರುಳಿ ಸುತ್ತುತ್ತ, ಇಳಿಜಾರಿಗೆ ಲಂಬವಾಗಿ ಪ್ರೋಬ್ ಎಂಬ ಉದ್ದ ಕೋಲನ್ನು ಚುಚ್ಚಿದೆ. ಐದನೆಯದು ತಾಗಿತು. ನೆಲಕ್ಕೆ ತಾಗಿದರೆ ಕೈಗೆ ಗಟ್ಟಿ ಪೆಟ್ಟು ಬರುತ್ತದೆ. ಇದು ಮೆತ್ತಗೆ, ಪುಟಿದ ಹಾಗೆ ಇತ್ತು. ಆ ಸ್ಪರ್ಶ ಇವತ್ತಿಗೂ ನನ್ನ ಅಂಗೈಯಲ್ಲಿದೆ.

ಇಲ್ಲಿಯವರೆಗೆ ಹೋಗಿದ್ದು ನಾಲ್ಕು ನಿಮಿಷ ಚಿಲ್ಲರೆ. ಅವನ ಮುಖ ಕಂಡಿದ್ದು ಹದಿನಾಲ್ಕನೇ ನಿಮಿಷದಲ್ಲಿ. ನಡುವಿನ ಅಷ್ಟೂ ಹೊತ್ತು ಅಗೆತ ನಡೆಯಿತು. ನಾನು ಇದನ್ನು ಬರೆಯಲು ಕೂತಿರುವುದೇ ಈ ಹತ್ತು ನಿಮಿಷದ ಸಲುವಾಗಿ.

ನಿಂತ ಮೇಲೆ ಹಿಮಕುಸಿತದ ಹಿಮ ಕಾಂಕ್ರೀಟಿನಂತೆ ಬಿಗಿಯುತ್ತದೆ. ಕೈಯಲ್ಲಿ ಕೆರೆದರೆ ಉಗುರು ಹೋಗುತ್ತದೆ ಅಷ್ಟೆ. ನಾನು ಪ್ರೋಬ್ ಪಕ್ಕದಲ್ಲೇ ನಿಂತು ಬಾವಿ ತೋಡುವ ಹಾಗೆ ನೇರ ಕೆಳಗೆ ಅಗೆಯತೊಡಗಿದೆ. ಎತ್ತಿ ಹಾಕಿದ್ದು ಮತ್ತೆ ಗುಂಡಿಗೇ ಜಾರುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ನಾನು ನಿಂತಿದ್ದು ಅವನ ಮೇಲೆಯೇ. ಅವನ ಮುಖದ ಮುಂದೆ ಏನಾದರೂ ಟೊಳ್ಳು ಜಾಗ ಉಳಿದಿದ್ದರೆ ನನ್ನ ಭಾರವೇ ಅದನ್ನು ಮುಚ್ಚುತ್ತಿತ್ತು. ಗೆಳತಿ ನನ್ನ ಬೆನ್ನುಚೀಲ ಹಿಡಿದು ಕೆಳಕ್ಕೆ ಎಳೆದಳು: "ಮೇಲಿಂದ ಬೇಡ, ಕೆಳಗಿಂದ ಬಾ!" ಆಳದ ಒಂದೂವರೆ ಪಟ್ಟು, ಅಂದರೆ ಪ್ರೋಬಿನಿಂದ ಎರಡು ಮೀಟರ್ ಕೆಳಗೆ ಶುರುಮಾಡಿ, ಇಳಿಜಾರಿನ ಒಳಕ್ಕೆ ಅಡ್ಡವಾಗಿ ಕೊರೆದೆವು. ಮುಂದಿರುವವನು ತುಂಡು ತುಂಡಾಗಿ ಕತ್ತರಿಸಬೇಕು. ಹಿಂದಿನಿಬ್ಬರು ಅದನ್ನು ಎತ್ತಲು ಹೋಗಬಾರದು, ದೋಣಿಗೆ ಹುಟ್ಟು ಹಾಕಿದ ಹಾಗೆ ಹಿಂದಕ್ಕೆ ತಳ್ಳಬೇಕು. ನಿಮಿಷಕ್ಕೊಮ್ಮೆ ಮುಂದಿನವನು ಬದಲಾಗಬೇಕು. ಪ್ರೋಬನ್ನು ಮಾತ್ರ ಯಾರೂ ಕೀಳಬಾರದು.

ಮೊದಲು ಒಂದು ಭುಜ ಸಿಕ್ಕಿತು. ಅಲ್ಲಿಂದ ಕೈಯಲ್ಲೇ ಮುಖದ ಕಡೆಗೆ ಹೋದೆವು. ಬಾಯಿ ತುಂಬ ಹಿಮವಿತ್ತು, ತುಟಿ ನೀಲಿಗಟ್ಟಿತ್ತು. ಗೆಳತಿ ಬೆರಳು ಹಾಕಿ ತೆಗೆದಳು. ಒಂದು ಗೊರಕೆಯಂಥ ಶಬ್ದದೊಂದಿಗೆ ಅವನು ಉಸಿರೆಳೆದ.

ಹೂತವರು ಹೆಚ್ಚಾಗಿ ಸಾಯುವುದು ಚಳಿಗಲ್ಲ, ಉಸಿರುಗಟ್ಟಿ. ಹತ್ತು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆಯ ಹೊತ್ತಿಗೆ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಹೊರಗಿನಿಂದ ಬರುವ ರಕ್ಷಣಾ ತಂಡ ಎಷ್ಟೇ ಚುರುಕಾಗಿದ್ದರೂ ಈ ಲೆಕ್ಕದೊಳಗೆ ಬರಲಾರದು. ಅಲ್ಲಿರುವ ನಾಲ್ಕು ಜನವೇ ರಕ್ಷಣಾ ತಂಡ.

ಆಮೇಲೆ ನಾನು ಬಹಳಷ್ಟು ಬದಲಾಯಿಸಿಕೊಂಡೆ. ಪ್ಲಾಸ್ಟಿಕ್ ಸಲಿಕೆ ಎಸೆದು ಉದ್ದ ಹಿಡಿಯ ಲೋಹದ್ದು ತಗೊಂಡೆ. ಮೊಬೈಲನ್ನು ಟ್ರಾನ್ಸೀವರಿನಿಂದ ದೂರ ಇಡುತ್ತೇನೆ: ಸುಮ್ಮನೆ ಹೋಗುವಾಗ 20 ಸೆಂಟಿಮೀಟರ್, ಹುಡುಕುವಾಗ 50. ಬೆನ್ನುಚೀಲದಿಂದ ಉಬ್ಬಿಕೊಳ್ಳುವ ಏರ್‌ಬ್ಯಾಗ್ ಕೂಡ ಬಂತು. ದೊಡ್ಡ ಗಾತ್ರದ ವಸ್ತು ಹರಿಯುವ ಹಿಮದಲ್ಲಿ ಮೇಲ್ಗಡೆಗೆ ಬರುತ್ತದೆ ಎಂಬುದೇ ಅದರ ತತ್ವ. ಆದರೆ ಮರಕ್ಕೋ ಬಂಡೆಗೋ ಬಡಿದರೆ ಅದು ಏನೂ ಮಾಡಲಾರದು, ಅದನ್ನು ನೆಚ್ಚಿಕೊಂಡು ಕಡಿದಾದ ಜಾಗಕ್ಕೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ನಿಜವಾದ ಬದಲಾವಣೆ ಆಗಿದ್ದು ಹೊರಡುವ ಹಿಂದಿನ ಸಂಜೆಯ ಕೆಲಸದಲ್ಲಿ. ಹಿಮಕುಸಿತ ಸಂಶೋಧಕ ಇಯಾನ್ ಮೆಕ್‌ಕ್ಯಾಮನ್ 715 ಹಿಮಕುಸಿತ ಅವಘಡಗಳನ್ನು ಜಾಲಾಡಿ ನೋಡಿದ್ದರು. ಪರಿಚಿತ ಇಳಿಜಾರಿನಲ್ಲಿ ತರಬೇತಿ ಪಡೆದವರೂ ಎಚ್ಚರ ಸಡಿಲ ಬಿಡುತ್ತಾರೆ ಎಂಬುದು ಅವರು ಕಂಡುಕೊಂಡದ್ದರಲ್ಲಿ ಒಂದು. ಅದನ್ನು ಓದಿದಾಗ ನಮ್ಮದೇ ಕತೆ ಓದಿದ ಹಾಗಾಯಿತು. ಬೆಟ್ಟದ ಮೇಲೆ ನಿಂತಾಗ ಹೊಸ ಹಿಮ ಹೊಳೆಯುತ್ತಿರುತ್ತದೆ, ಮೂರು ತಾಸು ಹತ್ತಿರುತ್ತೇವೆ. ಆಗ ತೀರ್ಮಾನ ಮಾಡಲು ಮನಸ್ಸು ಸ್ವತಂತ್ರವಾಗಿರುವುದಿಲ್ಲ. ಆದ್ದರಿಂದ ಈಗ ಮುನ್ಸೂಚನೆ ಓದಿ, ನಕ್ಷೆಯಲ್ಲಿ 30 ಡಿಗ್ರಿ ದಾಟಿದ ಜಾಗಕ್ಕೆಲ್ಲ ಬಣ್ಣ ಹಚ್ಚಿ, ಅವುಗಳ ಕೆಳಗೆ ಹಿಮ ಹರಿದು ಬರುವ ದಾರಿಯನ್ನೂ ಗುರುತಿಸಿ, ಕಾಗದದ ಮೇಲೆ ಬರೆದಿಡುತ್ತೇವೆ: 'ಧುಪ್' ಎಂದರೆ, ಸ್ಕೀ ಮುಂದೆ ಬಿರುಕು ಓಡಿದರೆ, ಅದೇ ದಿಕ್ಕಿನ ಇಳಿಜಾರಿನಲ್ಲಿ ಹೊಸ ಕುಸಿತ ಕಂಡರೆ, ಗಾಳಿ ಹಿಮವನ್ನು ಹೊತ್ತು ತಂದು ಸುರಿಯುತ್ತಿದ್ದರೆ, ಬಿಸಿಲು ದಿಢೀರನೆ ಏರಿದರೆ, ಬಣ್ಣ ಹಚ್ಚಿದ ಜಾಗಕ್ಕೆ ಹೋಗುವಂತಿಲ್ಲ. ಇವುಗಳಲ್ಲಿ ಒಂದು ಕಂಡರೂ ಸಾಕು. ಅಲ್ಲಿ ಚರ್ಚೆಯಿಲ್ಲ, ಚರ್ಚೆ ಮನೆಯಲ್ಲೇ ಮುಗಿದಿರುತ್ತದೆ. ಯಾರಾದರೊಬ್ಬರು "ಬೇಡ" ಅಂದರೆ ಕಾರಣ ಕೇಳುವುದಿಲ್ಲ. ಮೊದಲು ಮಾತಾಡಬೇಕಾದವರು ಗುಂಪಿನಲ್ಲಿ ಅತಿ ಹೊಸಬರು, ಅನುಭವಿಗಳು ಮೊದಲು ಬಾಯಿ ತೆರೆದರೆ ಉಳಿದವರು ಸುಮ್ಮನಾಗಿಬಿಡುತ್ತಾರೆ.

ಹಿಮದಲ್ಲಿ ಗುಂಡಿ ತೋಡಿ ಪರೀಕ್ಷಿಸುವುದನ್ನೂ ಬಿಟ್ಟಿಲ್ಲ. ಆ ಘಟನೆಯ ಮರುವಾರ ಅದೇ ದಿಕ್ಕಿನ, ಆದರೆ ಕಡಿದಾಗಿಲ್ಲದ ಜಾಗದಲ್ಲಿ 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಒಳಕ್ಕೆ ಒಂದು ಕಂಬ ಕತ್ತರಿಸಿ, ಒಂದು ತುದಿಯಲ್ಲಿ ಸಲಿಕೆ ಇಟ್ಟು ತಟ್ಟಿದೆ: ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಹದಿಮೂರನೇ ತಟ್ಟಿಗೇ ಬಿರುಕು ಈ ತುದಿಯಿಂದ ಆ ತುದಿಗೆ ಓಡಿ, ಇಡೀ ಕಂಬ ಡ್ರಾಯರ್ ಎಳೆದ ಹಾಗೆ ನನ್ನ ತೊಡೆಯ ಮೇಲೆ ಜಾರಿ ಬಂತು. ಕೆಳಗಿನ ಹರಳುಗಳು ಅಂಗೈಯಲ್ಲಿ ಬಿಸಿಲಿಗೆ ಮಿನುಗಿದವು, ಒಂದಕ್ಕೊಂದು ಅಂಟದೆ ಬೆರಳ ಸಂದಿಯಿಂದ ಉದುರಿದವು. ಗುಂಡಿ "ಹೋಗಬೇಡ" ಎಂದರೆ ಕೇಳುತ್ತೇನೆ. "ಹೋಗು" ಎಂದರೆ ನಂಬುವುದಿಲ್ಲ, ಹತ್ತು ಹೆಜ್ಜೆ ಆಚೆ ಪದರ ಬೇರೆಯೇ ಇರಬಹುದು.

ಅಂದು ಹೂತುಹೋಗಿದ್ದವನು ಪಕ್ಕೆಲುಬಿನ ಮುರಿತದಿಂದ ಚೇತರಿಸಿಕೊಂಡು ಮುಂದಿನ ಚಳಿಗಾಲಕ್ಕೆ ನಮ್ಮ ಜೊತೆ ಬಂದ. ಈಗ ಪ್ರತಿ ವರ್ಷ ಮೊದಲ ದಿನ ಸ್ಕೀ ಹಾಕುವುದಿಲ್ಲ. ರಸ್ತೆಯಿಂದ ಯಂತ್ರ ತಳ್ಳಿ ಗುಡ್ಡೆ ಹಾಕಿದ ಗಟ್ಟಿ ಹಿಮದಲ್ಲಿ ಟ್ರಾನ್ಸೀವರ್ ಕಟ್ಟಿದ ಚೀಲವನ್ನು ಒಂದು ಮೀಟರ್ ಆಳಕ್ಕೆ ಹೂಳುತ್ತಾನೆ, ನಾವು ಮೂವರು ಹುಡುಕಿ ಅಗೆಯುತ್ತೇವೆ. ಗಡಿಯಾರ ಹಿಡಿಯುವವನೂ ಅವನೇ. ಈ ವರ್ಷ ಪ್ರೋಬ್ ತಾಗಿದ ಮೇಲೆ ಅಗೆಯಲಿಕ್ಕೆ ಏಳು ನಿಮಿಷ ಹಿಡಿಯಿತು. "ಇನ್ನೂ ಜಾಸ್ತಿ ಆಯ್ತು" ಅಂದು ಚೀಲವನ್ನು ಮತ್ತೆ ಹೂಳಿದ.